ಜೈಲಿನಲ್ಲಿ ಡಿಗ್ರಿ ಓದು: ಓದುಗರ ಪ್ರಶ್ನೆಗಳಿಗೆ ಉತ್ತರ

ನನ್ನ ಮಗ ಎರಡನೇ ಪಿಯುಸಿ ಪಾಸಾದವನು. ಒಂದೂವರೆ ವರ್ಷದಿಂದ ವಿಚಾರಣಾಧೀನನಾಗಿ ಸೆಂಟ್ರಲ್ ಜೈಲಿನಲ್ಲಿದ್ದಾನೆ. ಡಿಗ್ರಿಗೆ ಸೇರಲು ಶಿಕ್ಷೆ ಆಗಿರಲೇಬೇಕೆ? ದುಡ್ಡೆಷ್ಟು ಬೇಕು? (ಒಬ್ಬ ತಾಯಿ, ಹಾಸನ)

ಆಗಿರಬೇಕಿಲ್ಲ ತಾಯಿ. ಶಿಕ್ಷೆಯಾದವರಂತೆ ವಿಚಾರಣಾಧೀನರೂ ಸೇರಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) 1994ರಲ್ಲೇ ದೆಹಲಿಯ ತಿಹಾರ್ ಜೈಲಿನೊಳಗೆ ಅಧ್ಯಯನ ಕೇಂದ್ರ ತೆರೆದಿತ್ತು. ಜೈಲಿನ ಕೇಂದ್ರಗಳ ಮೂಲಕ ಓದುವ ಬಂಧಿಗಳಿಗೆ ಅದು ಶುಲ್ಕ ವಿನಾಯಿತಿ ಕೊಡುತ್ತದೆ. ಯಾವ ಕೋರ್ಸಿಗೆ, ಎಷ್ಟು ಎಂಬುದನ್ನು ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ನಿಮ್ಮ ಮಗ ಸೂಪರಿಂಟೆಂಡೆಂಟರಿಗೆ ಒಂದು ಅರ್ಜಿ ಬರೆದುಕೊಡಲಿ. ನೀವು ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳ ದೃಢೀಕೃತ ನಕಲು ತಲುಪಿಸಿ. ಮೂಲ ಅಂಕಪಟ್ಟಿ ಮನೆಯಲ್ಲೇ ಇರಲಿ. ಒಳಗೆ ಕಳೆದರೆ ಎರಡನೇ ಪ್ರತಿ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಹೆಸರನ್ನೂ ಈಗಲೇ ನೋಡಿಬಿಡಿ. ಜೈಲಿನ ದಾಖಲೆಗೆ ಹೆಸರು ಬರುವುದು ಪೊಲೀಸ್ ಕಾಗದಗಳಿಂದ. ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’ ಎಂದಿದ್ದು ಜೈಲಿನ ರಿಜಿಸ್ಟರಿನಲ್ಲಿ ‘ಮಂಜ’ ಎಂದಷ್ಟೇ ಇದ್ದರೆ ಪರೀಕ್ಷೆಯ ದಿನ ಗುರುತಿನ ತಕರಾರು ಬರುತ್ತದೆ. ಎರಡೂ ಹೆಸರು ಒಬ್ಬನದೇ ಎಂದು ಸೂಪರಿಂಟೆಂಡೆಂಟರಿಂದ ದೃಢೀಕರಣ ಪತ್ರ ಮಾಡಿಸಿಟ್ಟುಕೊಳ್ಳಿ.

ನಮ್ಮ ಕಾಲೇಜಿನ ಕೆಲವು ಅಧ್ಯಾಪಕರು ಜಿಲ್ಲೆಯ ಜೈಲಿನಲ್ಲಿ ಪದವಿ ತರಗತಿಗಳನ್ನು ಸಂಯೋಜಿಸಲು ಹೊರಟಿದ್ದೇವೆ. ಅರ್ಜಿ ತುಂಬುವಲ್ಲೇ ಸಿಕ್ಕಿಬಿದ್ದಿದ್ದೇವೆ. ಓಟಿಪಿ ಬರುವ ಫೋನು ಯಾರ ಬಳಿಯೂ ಇಲ್ಲ. (ಉಪನ್ಯಾಸಕರು, ಶಿವಮೊಗ್ಗ)

ಈಗ ಪ್ರವೇಶ ಕೈತಪ್ಪಬಹುದಾದ ಜಾಗ ಇದೇ. 2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಅಂದರೆ ಡಿಇಬಿ ಐಡಿ ಕಡ್ಡಾಯ. ಅದಕ್ಕೆ ಎಬಿಸಿ ಐಡಿ (ಓದಿನ ಲೆಕ್ಕ ಇಡುವ ಖಾತೆಯ ಸಂಖ್ಯೆ) ಬೇಕು, ಎಬಿಸಿಗೆ ಡಿಜಿಲಾಕರ್ (ದಾಖಲೆಗಳನ್ನು ಇಡುವ ಸರ್ಕಾರಿ ಆನ್‌ಲೈನ್ ಖಾತೆ) ಬೇಕು, ಡಿಜಿಲಾಕರ್ ತೆರೆಯಲು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಬಂಧಿಯ ಫೋನು ಜಪ್ತಿಯಾಗಿರುತ್ತದೆ, ಇಲ್ಲವೇ ರೀಚಾರ್ಜ್ ಇಲ್ಲದೆ ಸಿಮ್ ಸತ್ತಿರುತ್ತದೆ. ಆ ನಂಬರು ಬೇರೆಯವರ ಪಾಲಾಗಿದ್ದರೂ ಆಶ್ಚರ್ಯವಿಲ್ಲ.

ಹಾಗಾಗಿ ಪ್ರವೇಶ ಶುರುವಾಗುವ ಎರಡು ತಿಂಗಳು ಮೊದಲೇ ಜೈಲಿನೊಳಗೆ ಆಧಾರ್ ಶಿಬಿರ ಮಾಡಿಸಿ. ಬೆರಳಚ್ಚು ಕೊಟ್ಟು, ಮನೆಯವರೊಬ್ಬರ ನಂಬರನ್ನು ಜೋಡಿಸಬಹುದು. ಆಮೇಲೆ ಒಂದು ದಿನ, ಒಂದು ಗಂಟೆ ಗೊತ್ತುಮಾಡಿ. ಓಟಿಪಿ ಕೆಲವೇ ನಿಮಿಷ ಬಾಳುತ್ತದೆ. ಜೈಲು ಕಚೇರಿಯ ಕಂಪ್ಯೂಟರ್ ಮುಂದೆ ನೀವು ಕುಳಿತಾಗ ಆ ಕಡೆ ಅವರ ತಂಗಿಯೋ ತಂದೆಯೋ ಫೋನು ಕೈಯಲ್ಲೇ ಹಿಡಿದಿರಬೇಕು. ನಿಮ್ಮ ನಂಬರನ್ನು ಮಾತ್ರ ಯಾರ ಆಧಾರಿಗೂ ಜೋಡಿಸಬೇಡಿ. ನಾಳೆ ಅವರ ಬ್ಯಾಂಕ್ ಓಟಿಪಿಯೂ ನಿಮಗೇ ಬಂದೀತು.

ಕೋರ್ಸು ಆರಿಸುವಾಗ ಪ್ರಯೋಗಾಲಯ, ಕ್ಷೇತ್ರಕಾರ್ಯ ಇಲ್ಲದ್ದನ್ನೇ ನೋಡಿ: ಬಿಎ, ಬಿಕಾಂ. ಬಿಎಸ್ಸಿ, ಬಿಎಸ್‌ಡಬ್ಲ್ಯು (ಸಮಾಜಕಾರ್ಯ ಪದವಿ) ಹಿಡಿದರೆ ಪ್ರಾಕ್ಟಿಕಲ್ ಬಳಿ ನಿಂತುಹೋಗುತ್ತದೆ. ದಿನದ ಲೆಕ್ಕವನ್ನೂ ಮೊದಲೇ ಹಾಕಿ. ಇಗ್ನೋದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಸೆಮಿಸ್ಟರಿಗೆ 20 ಕ್ರೆಡಿಟ್ ಎಂದರೂ 600 ಗಂಟೆ, ದಿನಕ್ಕೆ ಹೆಚ್ಚುಕಮ್ಮಿ ಮೂರೂವರೆ ಗಂಟೆ. ಹಗಲು ಕೆಲಸಕ್ಕೆ ಹೋಗುವ ಸಜಾ ಬಂಧಿಗೆ ಗದ್ದಲದ ಬ್ಯಾರಕ್ಕಿನಲ್ಲಿ ಇಷ್ಟು ಹೊತ್ತು ಸಿಗುವುದಿಲ್ಲ. ಓದುವವರನ್ನು ಒಂದೇ ಬ್ಯಾರಕ್ಕಿಗೆ ಹಾಕಿಸಿ ಅಥವಾ ಗ್ರಂಥಾಲಯದಲ್ಲಿ ದಿನಕ್ಕೆ ಎರಡು ಗಂಟೆಯಾದರೂ ಲಿಖಿತ ಆದೇಶದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನವೇ ಮುಗಿಯುತ್ತದೆ.

ಅಸೈನ್‌ಮೆಂಟಿಗೆ ಸಾಮಾನ್ಯವಾಗಿ 30 ಅಂಕ, ಪರೀಕ್ಷೆಗೆ 70. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಅಸೈನ್‌ಮೆಂಟ್ ಕೈಬರಹದಲ್ಲೇ ಇರಬೇಕು, ಅಂದರೆ ಹಾಳೆ, ಪೆನ್ನು ಸಾಲಬೇಕು. ಸ್ಪೈರಲ್ ತಂತಿಯ ಪುಸ್ತಕ ಗೇಟಿನ ತಪಾಸಣೆ ದಾಟುವುದು ಕಷ್ಟ. ಬಿಡಿ ಹಾಳೆ ಕೊಟ್ಟು ದಾರದಲ್ಲಿ ಪೋಣಿಸಲು ಹೇಳಿ. ಅಸೈನ್‌ಮೆಂಟ್ ತೆಗೆದುಕೊಂಡಾಗ ಪುಟದ ಲೆಕ್ಕ ಬರೆದು ರಸೀದಿ ಕೊಡಿ. ‘ನಾನು ಕೊಟ್ಟಿದ್ದೆ’, ‘ನಮಗೆ ಬಂದಿಲ್ಲ’ ಎಂಬ ಜಗಳದಲ್ಲಿ ಸೋಲುವವನು ಯಾವಾಗಲೂ ಒಳಗಿರುವವನೇ.

ಪರೀಕ್ಷೆಯ ದಿನವೇ ಕೋರ್ಟಿನ ವಾಯಿದೆ ಬಿದ್ದರೆ? (ವಕೀಲರು, ಕಲಬುರಗಿ)

ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ವೇಳಾಪಟ್ಟಿ ಬಂದ ಕೂಡಲೇ ಒಂದು ಪ್ರತಿಯನ್ನು ಜೈಲಿನಲ್ಲಿ ಕೋರ್ಟ್ ಹಾಜರಾತಿ ನೋಡುವ ಸಿಬ್ಬಂದಿಗೆ, ಇನ್ನೊಂದನ್ನು ಬಂಧಿಯ ವಕೀಲರಿಗೆ ಕೊಡಬೇಕು. ನೀವು ಮೆಮೊ ಹಾಕಿ ಬೇರೆ ದಿನವನ್ನೋ ವಿಡಿಯೊ ಕಾನ್ಫರೆನ್ಸ್ ಹಾಜರಾತಿಯನ್ನೋ ಕೇಳಬಹುದು. ಹಿಂದಿನ ದಿನ ಕೇಳಿದರೆ ಆಗುವ ಕೆಲಸವಲ್ಲ, ಮೂರು ವಾರವಾದರೂ ಮುಂಚೆ ಹಾಕಿ. ಮಧ್ಯಾಹ್ನ 2ರಿಂದ 5ರ ಪತ್ರಿಕೆಗೆ ಇನ್ನೊಂದು ತೊಡಕಿದೆ. ಅದು ಮುಗಿಯುವ ಹೊತ್ತಿಗೆ ಸಂಜೆಯ ಊಟ ಬಡಿಸಿ, ತಲೆ ಎಣಿಕೆ ಮಾಡಿ, ಬ್ಯಾರಕ್ಕಿಗೆ ಬೀಗ ಹಾಕುವ ವೇಳೆ. ಪರೀಕ್ಷೆ ಬರೆಯುವವರ ಎಣಿಕೆ ಪರೀಕ್ಷಾ ಕೊಠಡಿಯಲ್ಲೇ ಆಗಲಿ, ಅವರ ಊಟ ತೆಗೆದಿಡಲಿ ಎಂದು ಸಂಯೋಜಕರು ಮೊದಲೇ ಆದೇಶ ಪಡೆಯದಿದ್ದರೆ ಹುಡುಗರು ನಾಲ್ಕೂವರೆಗೇ ಉತ್ತರಪತ್ರಿಕೆ ಕೊಟ್ಟು ಎದ್ದುಬಿಡುತ್ತಾರೆ.

ತಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. (ಬಳ್ಳಾರಿ)

ಇಗ್ನೋ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎಯನ್ನು ಕನ್ನಡ ಮಾಧ್ಯಮದಲ್ಲೇ ಓದಬಹುದು. ಸೇರುವ ಮೊದಲು ಶುಲ್ಕ ಎಷ್ಟು, ಪರೀಕ್ಷೆ ಜೈಲಿನಲ್ಲೇ ನಡೆಯುತ್ತದೆಯೇ ಎಂದು ಪತ್ರ ಬರೆದು ಉತ್ತರ ಪಡೆಯಿರಿ. ಹೊರಗಿನ ಕೇಂದ್ರವಾದರೆ ಪ್ರತಿ ಪತ್ರಿಕೆಗೂ ಪೊಲೀಸ್ ಎಸ್ಕಾರ್ಟ್ ಬೇಕು. ಬಂದೋಬಸ್ತಿನ ದಿನಗಳಲ್ಲಿ ಅದು ಸಿಗುವುದಿಲ್ಲ.

ಜಾಮೀನು ಸಿಕ್ಕರೆ ಅಥವಾ ಬೇರೆ ಜೈಲಿಗೆ ಕಳಿಸಿದರೆ ಓದು ಏನಾಗುತ್ತದೆ? (ಮೈಸೂರು)

ದಾಖಲಾತಿ ಸಂಖ್ಯೆ ಅವರದೇ, ಜೈಲಿನದಲ್ಲ. ಅಧ್ಯಯನ ಕೇಂದ್ರ ಬದಲಾವಣೆಗೆ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರಕ್ಕೆ ಅರ್ಜಿ ಕೊಟ್ಟು ಮುಂದುವರಿಸಬಹುದು. ಹೊರಬಂದ ಮೇಲೆ ಶುಲ್ಕ ಕಟ್ಟಬೇಕೇ ಎಂದು ಆಗಲೇ ಕೇಳಿಬಿಡಿ. ಜಾಮೀನು ಆದೇಶ ಬಂದರೆ ಬಿಡುಗಡೆ ದಿಢೀರನೆ ಆಗಬಹುದು, ಆ ಗಡಿಬಿಡಿಯಲ್ಲಿ ಪುಸ್ತಕ ಬ್ಯಾರಕ್ಕಿನಲ್ಲೇ ಉಳಿಯುತ್ತದೆ. ಅದಕ್ಕೇ ಪ್ರತಿ ವಿದ್ಯಾರ್ಥಿಗೂ ಒಂದು ಹಾಳೆ ಬರೆದು ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ: ದಾಖಲಾತಿ ಸಂಖ್ಯೆ, ಪಾಸ್‌ವರ್ಡ್, ಪಾಸಾದ ಪತ್ರಿಕೆಗಳು, ಕೊಟ್ಟ ಅಸೈನ್‌ಮೆಂಟುಗಳು, ಮರುನೋಂದಣಿಯ ಕೊನೆಯ ದಿನ.