ಮ್ಯೂನಿಕ್‌ಗೆ ಕೆಲಸಕ್ಕೆ ಹೋಗುತ್ತಿದ್ದೇನೆ, ಜರ್ಮನ್ ಬರಲ್ಲ. ದಿನನಿತ್ಯದ ಜೀವನಕ್ಕೆ ಹೊಂದಿಕೊಳ್ಳೋದು ಕಷ್ಟವಾ?

ಭಾಷೆ, ಚಳಿ ಎರಡೂ ಕಾಡುತ್ತವೆ, ನಿಜ. ಆದರೆ ಇಲ್ಲಿಗೆ ಬಂದ ಮೊದಲ ತಿಂಗಳು ನನ್ನನ್ನು ಗೋಳುಹೊಯ್ದುಕೊಂಡಿದ್ದು ಅಂಚೆ ಡಬ್ಬಿ.

ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ನೋಡಿ ಕಾಗದ ಹಾಕುವುದಿಲ್ಲ, ಡಬ್ಬಿ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲ ಅಂದರೆ ವಾಪಸ್. ನಾನು ಮೊದಲ ದಿನವೇ ಚೀಟಿ ಅಂಟಿಸಿದ್ದೆ. ಆದರೂ ಬ್ಯಾಂಕ್ ಕಾರ್ಡ್ ಬರಲಿಲ್ಲ, ತೆರಿಗೆ ನಂಬರ್ ಬರಲಿಲ್ಲ. ಕೊನೆಗೆ ಗೊತ್ತಾಯಿತು: ನಮ್ಮಲ್ಲಿ ಇನಿಷಿಯಲ್ ಅಲ್ವಾ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ಇವರ ಲೆಕ್ಕದಲ್ಲಿ ಅದೇ ನನ್ನ ಹೆಸರು. ಡಬ್ಬಿ ಮೇಲೆ ನನ್ನ ಹೆಸರು, ಕವರ್ ಮೇಲೆ ಅಪ್ಪನದು! ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, "ಹಾಗಾದ್ರೆ ಸಂಬಳನೂ ನನ್ನ ಹೆಸರಿಗೇ ಬರುತ್ತೇನೋ?" ಅಂದರು. ನೀವು ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಪೂರ್ತಿ ಬರೆದು ಅಂಟಿಸಿ.

ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಇದಕ್ಕೆ 'ಆನ್‌ಮೆಲ್ಡುಂಗ್' ಅಂತಾರೆ. ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಅದನ್ನು ಕೊಡಲ್ಲ ಅನ್ನುವ ಮನೆಗೆ ಹೋಗಲೇಬೇಡಿ. ಆಮೇಲೆ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತದೆ, ತಿಂಗಳಿಗೆ 18.36 ಯುರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಮೋಸ ಅಂದುಕೊಂಡು ನಾನು ಹರಿದು ಬಿಸಾಕಿದ್ದೆ, ನೀವು ಹಾಗೆ ಮಾಡಬೇಡಿ.

ಭಾನುವಾರ ಅಂಗಡಿಗಳು ಬಂದ್. ರೈಲ್ವೆ ಸ್ಟೇಷನ್ನಿನ ಕೆಲವು ಅಂಗಡಿ ಮತ್ತು ಬೆಳಿಗ್ಗೆ ಹೊತ್ತು ಬೇಕರಿ ಬಿಟ್ಟರೆ ಹೆಚ್ಚೇನೂ ಸಿಗಲ್ಲ. ಶನಿವಾರವೇ ಹಾಲು, ತರಕಾರಿ ತಂದಿಡಿ.

ಮಿಕ್ಸಿ ತರಬಹುದಾ ಅಂತ ಎಲ್ಲರೂ ಕೇಳ್ತಾರೆ. ತನ್ನಿ. ಕರೆಂಟ್ ನಮ್ಮದರಂತೆಯೇ 230 ವೋಲ್ಟ್, ಪ್ಲಗ್‌ಗೆ ಅಡಾಪ್ಟರ್ ಸಾಕು. ಆದರೆ ಭಾನುವಾರ ಮಾತ್ರ ತಿರುಗಿಸಬೇಡಿ. ನಾನು ಒಮ್ಮೆ ದೋಸೆಗೆ ರುಬ್ಬುತ್ತಿದ್ದಾಗ ಕೆಳಗಿನ ಮನೆ ಅಜ್ಜಿ ಮೆಟ್ಟಿಲು ಹತ್ತಿ ಬಂದು ಬೆಲ್ ಒತ್ತಿದರು. ಇಲ್ಲಿ ಭಾನುವಾರ ಜೋರು ಸದ್ದು ಮಾಡುವ ಹಾಗಿಲ್ಲ. ನಾಲ್ಕು ದಿನ ಬಿಟ್ಟು ಎರಡು ದೋಸೆ ಕೊಟ್ಟು ಬಂದೆ. ತಿಂದರೋ ಇಲ್ಲವೋ, ತಟ್ಟೆ ಮಾತ್ರ ತೊಳೆದು ಬಾಗಿಲ ಮುಂದೆ ಇಟ್ಟಿದ್ದರು.

ಚಳಿಗಾಲದಲ್ಲಿ ಹಿಟ್ಟು ಉಬ್ಬಲ್ಲ. ಓವನ್ ಬಿಸಿ ಮಾಡಬೇಡಿ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಅದರೊಳಗಿಡಿ.