ಅರ್ಥಶಾಸ್ತ್ರದ ಪದವಿಯಿಲ್ಲದೆ ಸರಕು ಮಾರುಕಟ್ಟೆಯ ಸಂಶೋಧನೆಗೆ ಬರಬಹುದೇ?

ಎಂಜಿನಿಯರಿಂಗ್ ಓದಿ, ನಾಲ್ಕು ವರ್ಷ ತೈಲ ಸಂಸ್ಕರಣಾಗಾರದಲ್ಲಿ ದುಡಿದಿರುವ ನೀವು, ಅರ್ಥಶಾಸ್ತ್ರದ ಪದವಿಯಿಲ್ಲದೆ ಸರಕು ಮಾರುಕಟ್ಟೆ ಮತ್ತು ಭೂರಾಜಕೀಯದ ಸಂಶೋಧನೆಗೆ ಬರಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರಬಹುದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಮುಖ್ಯಸ್ಥರಾಗಿ 2015ರಲ್ಲಿ ಅಧಿಕಾರ ವಹಿಸಿಕೊಂಡ ಫಾತಿಹ್ ಬಿರೋಲ್ ಮೊದಲು ಓದಿದ್ದು ವಿದ್ಯುತ್ ಎಂಜಿನಿಯರಿಂಗ್. ಇಂಧನ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ತೈಲ ರಫ್ತು ರಾಷ್ಟ್ರಗಳ ಒಕ್ಕೂಟವಾದ ಒಪೆಕ್‌ನಲ್ಲಿ ಕೆಲಸ ಮಾಡಿದ ನಂತರ 1995ರಲ್ಲಿ ಅವರು ಈ ಸಂಸ್ಥೆಗೆ ಬಂದರು. ತೈಲ ಮಾರುಕಟ್ಟೆಯ ವಿಶ್ಲೇಷಕಿ ಹೆಲಿಮಾ ಕ್ರಾಫ್ಟ್ ಆರ್ಥಿಕ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದವರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದು, ಬಳಿಕ ಬ್ಯಾಂಕಿಂಗ್ ವಲಯಕ್ಕೆ ಬಂದರು.

ಇಡೀ ದೇಶದ ಆರ್ಥಿಕತೆಯನ್ನು ಅಧ್ಯಯನ ಮಾಡುವ ಸ್ಥೂಲ ಅರ್ಥಶಾಸ್ತ್ರದ ಮಾತು ಬೇರೆ. ಕೇಂದ್ರ ಬ್ಯಾಂಕುಗಳ ಸಂಶೋಧನಾ ವಿಭಾಗಗಳಲ್ಲಿ ಸಾಮಾನ್ಯವಾಗಿ ಡಾಕ್ಟರೇಟ್ ನಿರೀಕ್ಷಿಸುತ್ತಾರೆ.

ಸರಕುಗಳ ವಿಷಯದಲ್ಲಿ ಮಾತ್ರ ನಿಮ್ಮ ಅನುಭವಕ್ಕೆ ನಿಜವಾದ ಬೆಲೆಯಿದೆ. ಕಚ್ಚಾ ತೈಲ ಹೊತ್ತು ಬಂದ ಹಡಗು ಬಂದರಿನಿಂದ ಹೊರಡುವಾಗ, ಅದು ನೀರಿನಲ್ಲಿ ಮುಳುಗಿರುವ ಆಳ ಎಷ್ಟು ಮೀಟರ್ ಕಡಿಮೆಯಾಗಿದೆ ಎಂಬುದನ್ನು ನೋಡಿ, ಎಷ್ಟು ತೈಲ ಇಳಿದಿರಬೇಕೆಂದು ಅಂದಾಜು ಮಾಡುವವರು ಈ ಕ್ಷೇತ್ರದಲ್ಲಿದ್ದಾರೆ. ಆದರೆ ಆ ತೈಲದಲ್ಲಿ ಗಂಧಕದ ಅಂಶ ಹೆಚ್ಚಿದ್ದರೆ ಯಾವ ಬಗೆಯ ಸಂಸ್ಕರಣಾಗಾರ ಅದನ್ನು ಬಳಸಬಲ್ಲದು, ನಿರ್ಬಂಧದಿಂದ ಅದರ ಪೂರೈಕೆ ನಿಂತರೆ ಬದಲಿಗೆ ಯಾವುದು ಹೊಂದುತ್ತದೆ ಎಂಬುದನ್ನು, ಬರೀ ಅಂಕಿಅಂಶ ನೋಡಿದವರಿಗಿಂತ ಘಟಕದಲ್ಲಿ ಪಾಳಿ ಮಾಡಿದ ನೀವು ಚೆನ್ನಾಗಿ ವಿವರಿಸಬಲ್ಲಿರಿ.

ನೀವು ಹೊಸದಾಗಿ ಕಲಿಯಬೇಕಾದದ್ದು ಸಂಖ್ಯಾಶಾಸ್ತ್ರ ಮತ್ತು ಬರವಣಿಗೆ. ಎರಡನೆಯದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಯಾವುದಾದರೂ ಒಂದು ಬೆಲೆಯೇರಿಕೆಯ ಕಾರಣವನ್ನು ಎರಡು ಪುಟಗಳಲ್ಲಿ ಸ್ಪಷ್ಟವಾಗಿ ಬರೆದು, ಅರ್ಜಿಯೊಂದಿಗೆ ಲಗತ್ತಿಸಿ.