ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಮೊದಲು ಕಲಿಯಬೇಕಾದ ಸೆಟ್ಟಿಂಗ್ ಯಾವುದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಣ್ಣ ಬಳಸಿ ಬಿಟ್ಟ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ ನಿಮ್ಮ ಕೈಗೆ ಬಂದಿದೆ, ಅದರ ಕೈಪಿಡಿ ಎಲ್ಲೋ ಕಳೆದುಹೋಗಿದೆ. ಮನೆಯೊಳಗೆ ತೆಗೆದ ಚಿತ್ರಗಳು ಒಂದೋ ಅಲುಗಿವೆ, ಇಲ್ಲವೇ ಅರಿಶಿನ ಬಳಿದಂತೆ ಕಾಣುತ್ತಿವೆ. ಮೆನುವಿನಲ್ಲಿರುವ ಇಷ್ಟೊಂದು ಆಯ್ಕೆಗಳಲ್ಲಿ ಯಾವುದನ್ನು ಕಲಿಯಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಕೇಳಿದ್ದೀರಿ.

ಮೆನುವನ್ನು ಸದ್ಯಕ್ಕೆ ಮುಚ್ಚಿಡಿ. ಮೊದಲು ಕಲಿಯಬೇಕಾದದ್ದು ಚಿತ್ರ ತೆಗೆಯುವ ಗುಂಡಿಯನ್ನು ಒತ್ತುವುದನ್ನು. ಇದನ್ನೇನು ಕಲಿಯುವುದು ಎಂದು ನಗಬೇಡಿ. ನಾನು ಸುಮಾರು ಒಂದು ವರ್ಷ ಆ ಗುಂಡಿಯನ್ನು ಕರೆಗಂಟೆಯ ಗುಂಡಿಯಂತೆ ಒಂದೇ ಏಟಿಗೆ ಅದುಮುತ್ತಿದ್ದೆ, ಚಿತ್ರ ಕೆಟ್ಟಾಗಲೆಲ್ಲ ಕ್ಯಾಮೆರಾವನ್ನು ಬೈಯುತ್ತಿದ್ದೆ.

ಆ ಗುಂಡಿಗೆ ಎರಡು ಹಂತಗಳಿವೆ. ಮೆಲ್ಲಗೆ ಒತ್ತುತ್ತಾ ಹೋದರೆ ಅರ್ಧದಲ್ಲಿ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ. ಅಲ್ಲಿ ನಿಲ್ಲಿಸಿ. ಆ ಕ್ಷಣದಲ್ಲಿ ಕ್ಯಾಮೆರಾ ಎರಡು ಕೆಲಸ ಮಾಡುತ್ತದೆ: ಎಷ್ಟು ದೂರದಲ್ಲಿರುವ ವಸ್ತು ಸ್ಪಷ್ಟವಾಗಿ ಕಾಣಬೇಕು ಎಂದು ಲೆನ್ಸನ್ನು ಹಿಂದೆ ಮುಂದೆ ಸರಿಸಿ ಫೋಕಸ್ ಮಾಡುತ್ತದೆ, ಎಷ್ಟು ಬೆಳಕು ಬೇಕು ಎಂದು ಲೆಕ್ಕ ಹಾಕುತ್ತದೆ. ಎರಡೂ ಮುಗಿದರೆ ಪರದೆಯಲ್ಲಿ ಹಸಿರು ಚೌಕ ಮೂಡುತ್ತದೆ, ಬಹುಪಾಲು ಕ್ಯಾಮೆರಾಗಳಲ್ಲಿ ಒಂದು ಸಣ್ಣ ಸದ್ದೂ ಬರುತ್ತದೆ. ಈಗ ಉಳಿದರ್ಧವನ್ನು ಒತ್ತಿ. ಚೌಕ ಕೆಂಪಾದರೆ ಅಥವಾ ಮಿನುಗುತ್ತಿದ್ದರೆ ಫೋಕಸ್ ಆಗಿಲ್ಲ ಎಂದರ್ಥ. ಬೆರಳು ತೆಗೆದು ಮತ್ತೆ ಅರ್ಧ ಒತ್ತಿ. ತೀರಾ ಹತ್ತಿರ ಹೋಗಿದ್ದರೆ, ಎದುರಿಗೆ ಗೆರೆ ಗುರುತು ಏನೂ ಇಲ್ಲದ ಬರಿಯ ಗೋಡೆ ಇದ್ದರೆ, ಕತ್ತಲೆ ಹೆಚ್ಚಾಗಿದ್ದರೆ ಹೀಗಾಗುತ್ತದೆ.

‘ಈ ಕ್ಯಾಮೆರಾ ಬಹಳ ನಿಧಾನ, ಮಗು ನಕ್ಕು ಮುಗಿಸಿದ ಮೇಲೆ ಕ್ಲಿಕ್ ಎನ್ನುತ್ತದೆ’ ಎಂಬ ದೂರು ಹುಟ್ಟುವುದೂ ಇಲ್ಲಿಂದಲೇ. ತಡವಾಗುವುದು ಹೆಚ್ಚಾಗಿ ಫೋಕಸ್ ಹುಡುಕುವುದರಲ್ಲಿ. ಮೊದಲೇ ಅರ್ಧ ಒತ್ತಿ ಹಿಡಿದು ಕಾಯುತ್ತಿದ್ದರೆ ನಗು ಬಂದ ಕ್ಷಣಕ್ಕೆ ಬೆರಳನ್ನು ಇನ್ನೊಂದು ಕೂದಲೆಳೆಯಷ್ಟು ಇಳಿಸಿದರೆ ಸಾಕು.

ಅರ್ಧ ಒತ್ತುವುದರಿಂದ ಇನ್ನೊಂದು ಲಾಭವಿದೆ. ಇಬ್ಬರು ಅಕ್ಕಪಕ್ಕ ನಿಂತಿದ್ದಾರೆ ಎನ್ನಿ. ಚೌಕಟ್ಟಿನ ನಟ್ಟನಡುವೆ ಬರುವುದು ಅವರಿಬ್ಬರ ನಡುವಿನ ಸಂದು, ಅದರಾಚೆಯ ಗೋಡೆ. ಮುಖ ಗುರುತಿಸುವ ಸೌಲಭ್ಯವಿಲ್ಲದ ಹಳೆಯ ಕ್ಯಾಮೆರಾ ಶ್ರದ್ಧೆಯಿಂದ ಗೋಡೆಯನ್ನೇ ಸ್ಪಷ್ಟಗೊಳಿಸಿ ಕೊಡುತ್ತದೆ. ಹಾಗಾಗಿ ಒಬ್ಬರ ಮುಖವನ್ನು ನಡುವಿಗೆ ತಂದು ಅರ್ಧ ಒತ್ತಿ, ಬೆರಳು ಸಡಿಲಿಸದೆ ಕ್ಯಾಮೆರಾವನ್ನು ನಿಮಗೆ ಬೇಕಾದ ಕಡೆಗೆ ತಿರುಗಿಸಿ, ಆಮೇಲೆ ಪೂರ್ತಿ ಒತ್ತಿ. ಮೆನುವಿನಲ್ಲಿ ಫೋಕಸ್ ಜಾಗವನ್ನು ‘ನಡುವೆ’ ಎಂದು ನಿಲ್ಲಿಸಿಕೊಂಡರೆ ಈ ವಿಧಾನ ಇನ್ನೂ ಸಲೀಸು. ಒಂಬತ್ತು ಚೌಕಗಳಲ್ಲಿ ತನಗೆ ಬೇಕಾದದ್ದನ್ನು ಕ್ಯಾಮೆರಾವೇ ಆರಿಸಿಕೊಳ್ಳುವ ವ್ಯವಸ್ಥೆಯ ಮೇಲೆ ನನಗೆ ಇವತ್ತಿಗೂ ನಂಬಿಕೆ ಬಂದಿಲ್ಲ.

ಇನ್ನು ಅಲುಗಿದ ಚಿತ್ರಗಳ ವಿಷಯ. ಅರ್ಧ ಒತ್ತಿದಾಗ ಹಲವು ಕ್ಯಾಮೆರಾಗಳ ಪರದೆಯ ಕೆಳಗೆ 1/60, ಎಫ್ 3.3 ಎಂಬಂತೆ ಎರಡು ಅಂಕಿಗಳು ಬರುತ್ತವೆ. ಮೊದಲನೆಯದು ಬೆಳಕಿಗೆ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು, ಸೆಕೆಂಡಿನ ಲೆಕ್ಕದಲ್ಲಿ. ಎರಡನೆಯದು ಆ ಬಾಗಿಲು ಎಷ್ಟು ಅಗಲ ಎಂಬುದು. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಬಾಗಿಲು ಅಗಲ. ನೀವು ಕಣ್ಣಿಡಬೇಕಾದದ್ದು ಮೊದಲನೆಯದರ ಮೇಲೆ. ಝೂಮ್ ಮಾಡದೆ ಇದ್ದಾಗ 1/30ರವರೆಗೆ ಸಾಮಾನ್ಯವಾಗಿ ಕೈ ತಡೆದುಕೊಳ್ಳುತ್ತದೆ. ಅದು 1/8ಕ್ಕೆ ಇಳಿದು, ನಡುಗುವ ಕೈಯ ಚಿಹ್ನೆ ಕಾಣಿಸಿಕೊಂಡರೆ ಕ್ಯಾಮೆರಾ ಮೊದಲೇ ಕೈಚೆಲ್ಲಿದೆ ಎಂದು ತಿಳಿಯಿರಿ. ಎಳೆದು ಝೂಮ್ ಮಾಡಿದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ, ಜೊತೆಗೆ ಬಾಗಿಲೂ ಕಿರಿದಾಗುತ್ತದೆ. ಝೂಮ್ ಇಲ್ಲದಾಗ ಎಫ್ 3.3 ಇದ್ದ ಲೆನ್ಸು ಪೂರ್ತಿ ಎಳೆದಾಗ ಎಫ್ 5.9 ಆಯಿತು ಎಂದುಕೊಳ್ಳಿ; ಒಳಗೆ ಬರುವ ಬೆಳಕು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಮನೆಯೊಳಗೆ ಝೂಮ್ ಬೇಡ. ಬದಲಿಗೆ ಎರಡು ಹೆಜ್ಜೆ ಮುಂದೆ ಹೋಗಿ.

ಎರಡು ಬೆರಳಲ್ಲಿ ಕ್ಯಾಮೆರಾ ಹಿಡಿದು ಕೈಯನ್ನು ಮುಂದಕ್ಕೆ ಚಾಚುವ ಅಭ್ಯಾಸ ಇದ್ದರೆ ಬಿಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಸಾಧ್ಯವಾದರೆ ಬಾಗಿಲ ಚೌಕಟ್ಟಿಗೆ ಹೆಗಲು ಆನಿಸಿ. ಇನ್ನೂ ಕತ್ತಲಿದ್ದರೆ ಕ್ಯಾಮೆರಾವನ್ನು ಮೇಜಿನ ಮೇಲೋ ಪುಸ್ತಕಗಳ ಮೇಲೋ ಇಟ್ಟು ಸೆಲ್ಫ್ ಟೈಮರ್ ಹಾಕಿ. ಅದರಲ್ಲಿ 10 ಸೆಕೆಂಡ್ ಮತ್ತು 2 ಸೆಕೆಂಡ್ ಎಂದು ಎರಡು ಬಗೆ ಇರುತ್ತವೆ. ಹತ್ತು ಸೆಕೆಂಡಿನದು ನೀವೇ ಓಡಿ ಹೋಗಿ ಗುಂಪಿನಲ್ಲಿ ನಿಲ್ಲುವುದಕ್ಕೆ. ಎರಡು ಸೆಕೆಂಡಿನದರ ಉಪಯೋಗ ಹಲವರಿಗೆ ಗೊತ್ತೇ ಇಲ್ಲ: ಗುಂಡಿ ಒತ್ತಿದಾಗ ಕ್ಯಾಮೆರಾ ಅಲುಗುತ್ತದಲ್ಲ, ಆ ಅಲುಗಾಟ ನಿಂತ ಮೇಲೆ ಚಿತ್ರ ತೆಗೆಯುವುದಕ್ಕೆ ಅದು ಇರುವುದು. ಇಮೇಜ್ ಸ್ಟೆಬಿಲೈಸೇಶನ್ ಎಂಬ ಸೌಲಭ್ಯವಿದ್ದರೆ ಸದಾ ಚಾಲೂ ಇಡಿ, ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸಿದಾಗ ಮಾತ್ರ ಆಫ್ ಮಾಡಿ. ಆದರೆ ಅದು ನಿಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಓಡುವ ಮಗುವನ್ನು ಅದು ನಿಲ್ಲಿಸಲಾರದು.

ಓಡುವ ಮಗುವಿಗೆ ಐಎಸ್‌ಒ ಬೇಕು. ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬುದರ ಅಳತೆ ಅದು. 100 ಇದ್ದದ್ದನ್ನು 200 ಮಾಡಿದರೆ ಅದೇ ಚಿತ್ರಕ್ಕೆ ಅರ್ಧ ಸಮಯ ಸಾಕು, 400 ಮಾಡಿದರೆ ಕಾಲು ಭಾಗ. 1/15 ಎಂದು ತೋರಿಸುತ್ತಿದ್ದುದು 1/60 ಆಗುತ್ತದೆ. ಇದಕ್ಕೆ ತೆರಬೇಕಾದ ದಂಡವೂ ಇದೆ. ಇಂಥ ಸಣ್ಣ ಕ್ಯಾಮೆರಾಗಳ ಒಳಗೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ ಹೆಚ್ಚಿನ ಮಾದರಿಗಳಲ್ಲಿ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. 36ಕ್ಕೆ 24 ಮಿಲಿಮೀಟರಿನ ದೊಡ್ಡ ಸೆನ್ಸರಿನ ಮೂವತ್ತರಲ್ಲಿ ಒಂದು ಪಾಲು ಎನ್ನಬಹುದು. ಅಷ್ಟು ಸಣ್ಣ ಜಾಗದಲ್ಲಿ ಸಿಕ್ಕ ಅಲ್ಪ ಬೆಳಕನ್ನು ಹಿಗ್ಗಿಸಿದಾಗ ಚಿತ್ರದ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ. ಹಳೆಯ ಕ್ಯಾಮೆರಾದಲ್ಲಿ 400ರವರೆಗೆ ನಾನು ಯೋಚಿಸುವುದೇ ಇಲ್ಲ, 800 ಅನಿವಾರ್ಯವಾದಾಗ, 1600 ಇದ್ದರೂ ಇಲ್ಲ ಎಂದೇ ಭಾವಿಸುತ್ತೇನೆ. ಆದರೂ ಅಲುಗಿದ ಚಿತ್ರ ಮತ್ತು ಚುಕ್ಕೆಯ ಚಿತ್ರ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಚುಕ್ಕೆಯದನ್ನೇ ಆರಿಸಿ. ಚುಕ್ಕೆಗಳ ನಡುವೆ ಮುಖವಾದರೂ ಗುರುತು ಸಿಗುತ್ತದೆ.

ಹಳದಿ ಬಣ್ಣಕ್ಕೆ ಮದ್ದು ಸುಲಭ. ನಮ್ಮ ಕಣ್ಣು ಬಲ್ಬಿನ ಬೆಳಕಿನಲ್ಲೂ ಬಿಳಿ ಹಾಳೆಯನ್ನು ಬಿಳಿಯಾಗಿಯೇ ನೋಡುತ್ತದೆ, ಏಕೆಂದರೆ ಮಿದುಳು ತಿದ್ದಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಆ ತಿದ್ದುಪಡಿಯ ಹೆಸರು ವೈಟ್ ಬ್ಯಾಲೆನ್ಸ್. ಅದು ‘ಆಟೊ’ದಲ್ಲಿದ್ದಾಗ ಹಳೆಯ ಬಲ್ಬುಗಳ ಬೆಳಕಿಗೆ ಹಲವು ಬಾರಿ ಎಡವುತ್ತದೆ. ಮನೆಯೊಳಗೆ ಬಲ್ಬಿನ ಚಿಹ್ನೆಯನ್ನು ಆರಿಸಿಕೊಂಡರೆ ಅರಿಶಿನ ಬಣ್ಣ ಕಳೆಯುತ್ತದೆ. ಹೊರಗೆ ಬಂದಾಗ ಮರೆಯದೆ ಮತ್ತೆ ಆಟೊಗೆ ತನ್ನಿ, ಇಲ್ಲದಿದ್ದರೆ ಲೋಕವೆಲ್ಲ ನೀಲಿ. ನಿಮ್ಮ ಕ್ಯಾಮೆರಾದಲ್ಲಿ ಯಾರೋ ಹಿಂದೆ ‘ಮೋಡ’ದ ಚಿಹ್ನೆ ಇಟ್ಟು ಮರೆತಿರುವ ಸಾಧ್ಯತೆಯೂ ಇದೆ, ಅದು ಬಣ್ಣವನ್ನು ಬೇಕೆಂದೇ ಬೆಚ್ಚಗೆ ಮಾಡುವ ಆಯ್ಕೆ. ಮೊದಲು ಅದನ್ನು ನೋಡಿ.

ಫ್ಲ್ಯಾಶ್ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಆಟೊ ಇಟ್ಟರೆ ಕತ್ತಲೆಯಾದಾಗಲೆಲ್ಲ ತಾನೇ ಮಿಂಚುತ್ತದೆ, ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ, ಹಿಂದಿನದೆಲ್ಲ ಕಪ್ಪು. ಇಂಥ ಕ್ಯಾಮೆರಾಗಳ ಫ್ಲ್ಯಾಶ್ ತಲುಪುವುದು ಸುಮಾರು ಮೂರು ನಾಲ್ಕು ಮೀಟರ್ ಅಷ್ಟೇ. ದೊಡ್ಡ ಸಭಾಂಗಣದ ಕೊನೆಯ ಸಾಲಿನಿಂದ ವೇದಿಕೆಗೆ ಮಿಂಚಿಸುವವರು ಮುಂದಿನ ಸಾಲಿನವರ ತಲೆಗಳನ್ನು ಬೆಳಗಿಸುತ್ತಾರೆ, ವೇದಿಕೆಯನ್ನಲ್ಲ. ಹಾಗಾಗಿ ಮಿಂಚಿನ ಚಿಹ್ನೆ ಇರುವ ಗುಂಡಿ ಒತ್ತಿ, ಅಡ್ಡಗೆರೆ ಎಳೆದ ಮಿಂಚನ್ನು ಆರಿಸಿ, ಅದನ್ನೇ ನಿಮ್ಮ ವಾಡಿಕೆಯಾಗಿಸಿಕೊಳ್ಳಿ. ಫ್ಲ್ಯಾಶ್ ನಿಜಕ್ಕೂ ಕೆಲಸಕ್ಕೆ ಬರುವುದು ಹಾಡುಹಗಲಿನಲ್ಲಿ: ಕಿಟಕಿಗೋ ಸೂರ್ಯನಿಗೋ ಬೆನ್ನು ಮಾಡಿ ನಿಂತವರ ಮುಖ ಕಪ್ಪಾಗಿ ಕಾಣುವಾಗ, ಬಲವಂತದ ಫ್ಲ್ಯಾಶ್ ಹಾಕಿದರೆ ಮುಖವೂ ಬರುತ್ತದೆ, ಹಿನ್ನೆಲೆಯೂ ಉಳಿಯುತ್ತದೆ. ಕಣ್ಣು ಕೆಂಪಾಗುವುದನ್ನು ತಡೆಯುವ ಆಯ್ಕೆಯಲ್ಲಿ ಚಿತ್ರಕ್ಕೆ ಮೊದಲು ಒಂದು ಬೆಳಕು ಬರುತ್ತದೆ, ಪಾಪೆ ಕಿರಿದಾಗಲಿ ಎಂದು. ಜನ ಅದನ್ನೇ ಚಿತ್ರವೆಂದು ತಿಳಿದು ಎದ್ದು ಹೊರಡುತ್ತಾರೆ. ಮೊದಲೇ ಹೇಳಿಬಿಡಿ.

ಮೋಡ್ ಬದಲಿಸುವ ಗುಂಡುಚಕ್ರ ಇದ್ದರೆ ಅದನ್ನು ‘ಪಿ’ ಎಂಬ ಅಕ್ಷರಕ್ಕೆ ತಿರುಗಿಸಿಡಿ ಎಂದು ನನ್ನ ಸಲಹೆ. ಬಾಗಿಲಿನ ಅಗಲವನ್ನೂ ಸಮಯವನ್ನೂ ಆಗಲೂ ಕ್ಯಾಮೆರಾವೇ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಆಟೊದಲ್ಲಿ ಬೀಗ ಹಾಕಿಟ್ಟಿರುವ ಐಎಸ್‌ಒ, ವೈಟ್ ಬ್ಯಾಲೆನ್ಸ್ ಮತ್ತು ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ‘ಕೂಡು–ಕಳೆ’ ಚಿಹ್ನೆಯ ಎಕ್ಸ್‌ಪೋಶರ್ ತಿದ್ದುಪಡಿ ಇಲ್ಲಿ ನಿಮ್ಮ ಕೈಗೆ ಸಿಗುತ್ತವೆ. ಈ ಕೊನೆಯದನ್ನು ಬಿಡಬೇಡಿ. ಎದುರಿಗಿರುವುದೆಲ್ಲ ಸೇರಿ ಸರಾಸರಿ ಬೂದು ಬಣ್ಣದ್ದು ಎಂದು ನಂಬಿಕೊಂಡೇ ಕ್ಯಾಮೆರಾ ಬೆಳಕು ಅಳೆಯುತ್ತದೆ. ಆದ್ದರಿಂದ ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟವರನ್ನು ತೆಗೆದರೆ ಎಲ್ಲವನ್ನೂ ಬೂದಿಗೆ ಎಳೆದು ಮಂಕು ಮಾಡುತ್ತದೆ. ಕಪ್ಪು ಬೆಕ್ಕನ್ನು ತೆಗೆದರೆ ಅದನ್ನೂ ಬೂದು ಬೆಕ್ಕು ಮಾಡುತ್ತದೆ. ಬಿಳಿ ಹೆಚ್ಚಿದ್ದಾಗ ಒಂದು ಹೆಜ್ಜೆ ಕೂಡಿಸಿ, ಕಪ್ಪು ಹೆಚ್ಚಿದ್ದಾಗ ಕಳೆಯಿರಿ. ಕೇಳಲು ತಲೆಕೆಳಗಾಗಿ ಅನ್ನಿಸುತ್ತದೆ, ಎರಡು ಸಲ ಮಾಡಿ ನೋಡಿದರೆ ಕೈಗೆ ಕೂರುತ್ತದೆ.

ಹೂವಿನ ಚಿಹ್ನೆ ಮ್ಯಾಕ್ರೊ, ತೀರಾ ಹತ್ತಿರದ ವಸ್ತುಗಳಿಗೆ. ಇದನ್ನು ಝೂಮ್ ಇಲ್ಲದೆ ಬಳಸಿ, ಆಗಲೇ ಲೆನ್ಸು ಅತಿ ಹತ್ತಿರಕ್ಕೆ ಫೋಕಸ್ ಮಾಡುವುದು. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಚಿತ್ರ ಈ ಕ್ಯಾಮೆರಾದಲ್ಲಿ ಸುಲಭವಾಗಿ ಬರುವುದಿಲ್ಲ, ಅದಕ್ಕೆ ಕಾರಣ ಮತ್ತೆ ಆ ಉಗುರಿನಷ್ಟು ಸೆನ್ಸರ್. ಹೂವಿನ ಮೋಡಿನಲ್ಲಿ ಅದರ ರುಚಿ ಸ್ವಲ್ಪ ಸಿಗುತ್ತದೆ. ಪಟಾಕಿ, ಹಿಮ, ಕಡಲತೀರ ಎಂದು ಸಾಲಾಗಿರುವ ದೃಶ್ಯಗಳ ಪಟ್ಟಿಯಲ್ಲಿ ಪಟಾಕಿಯದನ್ನು ಬಿಟ್ಟು ಉಳಿದವು ಇಲ್ಲದಿದ್ದರೂ ನಡೆಯುತ್ತದೆ. ಡಿಜಿಟಲ್ ಝೂಮ್ ಮೆನುವಿನಲ್ಲಿ ಎಲ್ಲಿದ್ದರೂ ಹುಡುಕಿ ಆಫ್ ಮಾಡಿಬಿಡಿ. ಅದು ಚಿತ್ರದ ಅಂಚು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುವ ಆಟ, ಕತ್ತರಿಸುವ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲೂ ಮಾಡಬಹುದು.

ಮೆನುವಿಗೆ ಹೋದಾಗ ಚಿತ್ರದ ಗಾತ್ರವನ್ನೂ ನೋಡಿ. ನಾನು ಒಮ್ಮೆ ಮೂರು ದಿನದ ಪ್ರವಾಸಕ್ಕೆ ಹೊರಟಾಗ, ಕಾರ್ಡಿನಲ್ಲಿ ಜಾಗ ಸಾಲದು ಎಂಬ ಹೆದರಿಕೆಯಿಂದ ಗಾತ್ರವನ್ನು ಅತಿ ಚಿಕ್ಕದಕ್ಕೆ, ಅಂದರೆ 640ಕ್ಕೆ 480ಕ್ಕೆ ಇಳಿಸಿದ್ದೆ. ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದವಾಗಿಯೇ ಕಂಡವು. ಹಿಂದಿರುಗಿ ಅಮ್ಮನ ಒಂದು ಚಿತ್ರವನ್ನು ದೊಡ್ಡದಾಗಿ ಮುದ್ರಿಸಲು ಹೋದಾಗ ಕಣ್ಣಿನ ಜಾಗದಲ್ಲಿ ನಾಲ್ಕಾರು ಚೌಕಗಳು ಸಿಕ್ಕವು. ಮೂರು ಲಕ್ಷ ಚುಕ್ಕೆಗಳಲ್ಲಿ ಮೂರು ದಿನ. ಕಾರ್ಡು ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇತ್ತು. ಗಾತ್ರ ಅತಿ ದೊಡ್ಡದು, ಗುಣಮಟ್ಟ ಅತಿ ಒಳ್ಳೆಯದು ಎಂದಿಟ್ಟು ಆ ಪುಟದಿಂದ ಹೊರಗೆ ಬನ್ನಿ.

ಹೊಸ ಕಾರ್ಡು ಕೊಳ್ಳುವುದಿದ್ದರೆ ಒಂದು ಎಚ್ಚರಿಕೆ. ಎಸ್‌ಡಿ ಕಾರ್ಡುಗಳು ನೋಡಲು ಒಂದೇ ಆಕಾರದವು, ಆದರೆ 2 ಜಿಬಿವರೆಗಿನವು ಎಸ್‌ಡಿ, ಅಲ್ಲಿಂದ 32 ಜಿಬಿವರೆಗಿನವು ಎಸ್‌ಡಿಎಚ್‌ಸಿ, ಅದಕ್ಕೂ ಮೇಲಿನವು ಎಸ್‌ಡಿಎಕ್ಸ್‌ಸಿ. ಹಳೆಯ ಕ್ಯಾಮೆರಾ ತನ್ನ ಕಾಲಕ್ಕಿಂತ ಹೊಸದಾದ ಕಾರ್ಡನ್ನು ಓದುವುದಿಲ್ಲ. ಕಾರ್ಡು ಹಾಕುವ ಬಾಗಿಲಿನ ಮೇಲೆ ಯಾವ ಗುರುತು ಇದೆ ನೋಡಿಕೊಂಡು ತನ್ನಿ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ ಸಿದ್ಧಗೊಳಿಸಿ, ಆದರೆ ಅಣ್ಣನ ಹಳೆಯ ಚಿತ್ರಗಳನ್ನು ಮೊದಲು ನಕಲು ಮಾಡಿಕೊಳ್ಳಿ. ‘ಕಾರ್ಡ್ ಲಾಕ್ ಆಗಿದೆ’ ಎಂದು ಬಂದರೆ ಗಾಬರಿ ಬೇಡ, ಕಾರ್ಡಿನ ಪಕ್ಕದ ಪುಟ್ಟ ಚಿಲಕ ಸರಿದಿರುತ್ತದೆ.

ಚಾಲೂ ಮಾಡಿದಾಗ ದಿನಾಂಕ ಕೇಳಿದರೆ ಸರಿಯಾಗಿ ತುಂಬಿಸಿ, ಚಿತ್ರದ ಕಡತದೊಳಗೆ ಆ ದಿನಾಂಕವೇ ಸೇರುತ್ತದೆ. ಪ್ರತಿ ಸಲವೂ ಅದನ್ನೇ ಕೇಳುತ್ತಿದ್ದರೆ ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಬರಿದಾಗಿದೆ ಎಂದರ್ಥ. ಹಲವು ಮಾದರಿಗಳಲ್ಲಿ ಪೂರ್ತಿ ಚಾರ್ಜ್ ಆದ ದೊಡ್ಡ ಬ್ಯಾಟರಿಯನ್ನು ಒಂದು ದಿನ ಒಳಗೇ ಬಿಟ್ಟರೆ ಅದೂ ತುಂಬಿಕೊಳ್ಳುತ್ತದೆ.